ನೆತ್ತರು ನುಡಿಯುವ ಸಾಕ್ಷ್ಯ

ರನ್ನನ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಅಡಗಿದ್ದಾನೆ. ದಡದ ಮೇಲೆ ನಿಂತ ಭೀಮನ ಗರ್ಜನೆ ಅವನ ಕಿವಿಗೆ ಬೀಳುತ್ತದೆ. ಸುತ್ತಲೂ ತಣ್ಣೀರು, ಆದರೂ ಆ ಅರಸನ ಮೈ ಬೆವರುತ್ತದೆ. ಈ ಸಂದರ್ಭವನ್ನು ತರಗತಿಯಲ್ಲಿ ಬಿಡಿಸಿ ಹೇಳಿ ಸಂತೋಷಪಡದ ಕನ್ನಡ ಅಧ್ಯಾಪಕ ಇರಲಾರ. ಬೆವರು ನಮ್ಮ ಆಲಂಕಾರಿಕರು ಎಣಿಸಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದು. ಮಾತನ್ನು ಮರೆಸಬಹುದು, ಮುಖವನ್ನು ಕಲ್ಲುಮಾಡಿಕೊಳ್ಳಬಹುದು. ಬೆವರು, ರೋಮಾಂಚ, ಕಂಪನ, ಬಣ್ಣಗೆಡುವಿಕೆ ಇವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಒಳಗೆ ನಡೆದದ್ದನ್ನು ಮೈ ತಾನಾಗಿ ಹೊರಗೆ ಹೇಳಿಬಿಡುತ್ತದೆ. ಆದರೆ ಅದೇ ಬೆವರು ಕೋಪದಿಂದಲೂ ಬರಬಹುದು, ಭಯದಿಂದಲೂ ಬರಬಹುದು, ಬರಿಯ ಆಯಾಸದಿಂದಲೂ ಬರಬಹುದು. ದುರ್ಯೋಧನನದು ಯಾವುದು ಎಂದು ನಿರ್ಣಯಿಸುವುದಕ್ಕೆ ಬೆವರೊಂದೇ ಸಾಲದು, ಸಂದರ್ಭವನ್ನೆಲ್ಲ ನೋಡಬೇಕಾಗುತ್ತದೆ.

ವೈದ್ಯಶಾಸ್ತ್ರವೂ ಇಂಥ ಕುರುಹುಗಳ ಬೆನ್ನು ಹತ್ತಿದೆ. ಅದು ಹುಡುಕುವುದು ಹಣೆಯ ಮೇಲಲ್ಲ, ರಕ್ತದಲ್ಲಿ. ರೋಗ ಇನ್ನೂ ಕಣ್ಣಿಗೆ ನಿಚ್ಚಳವಾಗಿ ಕಾಣದಿರುವಾಗಲೇ ರಕ್ತದಲ್ಲಿರುವ ಯಾವುದಾದರೊಂದು ವಸ್ತು ಏರಿಯೋ ಇಳಿದೋ ಅದರ ಸುಳಿವು ಕೊಡುವುದಾದರೆ, ಅಂಥ ವಸ್ತುವಿಗೆ 'ಬಯೋಮಾರ್ಕರ್' ಎಂದು ಹೆಸರು. ನಮ್ಮವರು ಇದನ್ನು 'ಜೈವಿಕ ಸೂಚಕ' ಎಂದು ಕರೆದಿದ್ದಾರೆ. ಪಾರಿಭಾಷಿಕ ಶಬ್ದವಾಗಿ ಅದು ಸಾಧುವೇ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ ಕುಳಿತವರಿಗೆ ಹೇಳುವ ಮಾತಲ್ಲ. 'ಕುರುಹು' ಎಂಬ ನಮ್ಮ ಹಳೆಯ ಮಾತು ಇಲ್ಲಿ ಸಾಲದೆ? ಈ ಲೇಖನದ ಮಟ್ಟಿಗಾದರೂ 'ನೆತ್ತರ ಕುರುಹು' ಎಂದು ಬಳಸುತ್ತೇನೆ. ಒಪ್ಪದ ವಿದ್ವಾಂಸರು ಕ್ಷಮಿಸಬೇಕು. ಮೈಯೆಲ್ಲ ನುಗ್ಗಾಗಿ ಆಸ್ಪತ್ರೆ ಸೇರಿದವನ ಶ್ವಾಸಕೋಶಕ್ಕೆ ಸೋಂಕು ತಗಲಲಿದೆಯೆ, ತಗಲಿದೆಯೆ ಎಂಬುದನ್ನು ನೆತ್ತರ ಕುರುಹು ಹೇಳಬಲ್ಲುದೆ, ಹೇಳಿದರೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇಲ್ಲಿಯ ವಿಷಯ. ಕನ್ನಡದ ಮೇಷ್ಟ್ರಿಗೆ ಈ ವಿಷಯದ ಗೊಡವೆ ಏಕೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ.

2022ನೆಯ ಒಂದು ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಜನ ಸತ್ತರೆಂದು ಸರ್ಕಾರದ ವರದಿ. ಇದೊಂದು ಸಣ್ಣ ಪಟ್ಟಣದ ಜನಸಂಖ್ಯೆ. ಗಾಯ ಎಷ್ಟು ತೀವ್ರವಾದದ್ದು ಎಂದು ಅಳೆಯುವುದಕ್ಕೆ ವೈದ್ಯರಲ್ಲಿ ಒಂದು ಅಂಕಪದ್ಧತಿಯಿದೆ. ಅಮೆರಿಕದ ಸೂಸನ್ ಬೇಕರ್ ಮತ್ತು ಅವರ ಸಂಗಡಿಗರು 1974ರಲ್ಲಿ ರೂಪಿಸಿದ್ದು. ದೇಹವನ್ನು ಆರು ಭಾಗಗಳಾಗಿ ವಿಂಗಡಿಸಿ, ಗಾಯಕ್ಕೆ ಅಂಕ ಕೊಟ್ಟು, ಅತ್ಯಂತ ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕಗಳನ್ನು ವರ್ಗಮಾಡಿ ಕೂಡಿಸುತ್ತಾರೆ. ಮೊತ್ತ 15ನ್ನು ಮೀರಿದರೆ ತೀವ್ರ ಗಾಯ. 75 ಅದರ ತುತ್ತತುದಿ. ಅಂಕ ಹಾಕುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನನಗೂ ಹೆಚ್ಚು ಅಂಕ ಬಂದವನ ಗತಿ ಕೆಡುವ ಈ ಪರೀಕ್ಷೆ ವಿಚಿತ್ರವಾಗಿ ಕಂಡಿತು.

ಮೊದಲ ರಾತ್ರಿ ಕಳೆದರೆ ಗಂಡಾಂತರ ಕಳೆದಂತೆ ಎಂದು ನಮ್ಮ ಜನರ ನಂಬಿಕೆ. ರಕ್ತಸ್ರಾವ ಮತ್ತು ತಲೆಯ ಪೆಟ್ಟಿನ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಗಾಯಾಳುವಿಗೆ ಇನ್ನೊಂದು ಹೊಂಚು ಕಾದಿರುತ್ತದೆ. ಮೂರನೆಯ ದಿನವೋ ಐದನೆಯ ದಿನವೋ, ಮೂಳೆ ಕೂಡಿಸಿ, ರಕ್ತ ನಿಲ್ಲಿಸಿ, ಎಲ್ಲರೂ ಉಸಿರು ಬಿಡುವ ಹೊತ್ತಿಗೆ ಜ್ವರ ಕಾಣಿಸಿಕೊಳ್ಳುತ್ತದೆ. ಬಹಳ ಸಲ ಅದರ ಮೂಲ ಶ್ವಾಸಕೋಶದಲ್ಲಿರುತ್ತದೆ.

ಶ್ವಾಸಕೋಶವೇ ಏಕೆ ಎಂದರೆ ಕಾರಣಗಳು ಹಲವು. ಪ್ರಜ್ಞೆ ತಪ್ಪಿದವನಿಗೆ ಕೆಮ್ಮು ಬರುವುದಿಲ್ಲ; ಬಾಯಿಯ ಜೊಲ್ಲು, ಹೊಟ್ಟೆಯಿಂದ ಮೇಲಕ್ಕೆ ಬಂದದ್ದು, ಅಪಘಾತದ ಹೊತ್ತಿನಲ್ಲಿಯೇ ಶ್ವಾಸನಾಳಕ್ಕೆ ಇಳಿದಿರುತ್ತದೆ. ಪಕ್ಕೆಲುಬು ಮುರಿದವನಿಗೆ ಪ್ರಜ್ಞೆ ಇದ್ದರೂ ನೋವಿನಿಂದ ಕೆಮ್ಮಲಾಗುವುದಿಲ್ಲ, ಆಳವಾಗಿ ಉಸಿರೆಳೆಯಲಾಗುವುದಿಲ್ಲ. ಜಜ್ಜಿದ ಶ್ವಾಸಕೋಶದಲ್ಲಿ ರಕ್ತ ಸೋರಿ ನಿಂತಿರುತ್ತದೆ. ಬ್ಯಾಕ್ಟೀರಿಯಕ್ಕೆ ಅದಕ್ಕಿಂತ ಹದವಾದ ನೆಲ ಬೇಡ. ಇವೆಲ್ಲದರ ಮೇಲೆ ಗಂಟಲಲ್ಲಿ ಕೊಳವೆ ತೂರಿಸಿ ಯಂತ್ರದಿಂದ ಉಸಿರಾಡಿಸಬೇಕಾಗುತ್ತದೆ. ಆ ಕೊಳವೆ ಪ್ರಾಣವನ್ನು ಉಳಿಸುತ್ತದೆ. ಅದರ ಸುತ್ತಲಿನ ಸಂದಿನಲ್ಲಿಯೇ ಬಾಯಿಯ ಕ್ರಿಮಿಗಳು ಸೋರಿ ಕೆಳಕ್ಕಿಳಿಯುತ್ತವೆ. ಯಂತ್ರಕ್ಕೆ ಜೋಡಿಸಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಕ್ಕೆ ವೈದ್ಯರು ಬೇರೆ ಹೆಸರನ್ನೇ ಇಟ್ಟಿದ್ದಾರೆ.

ಇಷ್ಟು ಗೊತ್ತಿದ್ದ ಮೇಲೆ ಅದನ್ನು ಗುರುತಿಸುವುದೇನು ಕಷ್ಟ ಎಂದು ಕೇಳಬಹುದು. ಕಷ್ಟವಿರುವುದೇ ಅಲ್ಲಿ. ಸಾಮಾನ್ಯ ರೋಗಿಯಲ್ಲಿ ಜ್ವರ, ಬಿಳಿ ರಕ್ತಕಣಗಳ ಏರಿಕೆ, ಕ್ಷ-ಕಿರಣ ಚಿತ್ರದಲ್ಲಿ ಒಂದು ನೆರಳು, ಕಫ, ಇವನ್ನು ಕಂಡರೆ ನ್ಯುಮೋನಿಯ ಎಂದು ಹೇಳಿಬಿಡಬಹುದು. ಗಾಯಾಳುವಿನಲ್ಲಿ ಇವೆಲ್ಲವೂ ಸೋಂಕಿಲ್ಲದೆಯೇ ಇರಬಲ್ಲವು. ಮುರಿದ ತೊಡೆಮೂಳೆ ಜ್ವರ ತರುತ್ತದೆ. ಪೆಟ್ಟು ತಾನಾಗಿ ಬಿಳಿ ಕಣಗಳನ್ನು ಏರಿಸುತ್ತದೆ. ಜಜ್ಜಿದ ಶ್ವಾಸಕೋಶದ ನೆರಳಿಗೂ ಸೋಂಕಿನ ನೆರಳಿಗೂ ಚಿತ್ರದಲ್ಲಿ ಭೇದ ಕಾಣುವುದಿಲ್ಲ. ಕೊಳವೆಯೊಳಗಿನ ಕಫದಲ್ಲಿ ಕ್ರಿಮಿ ಸಿಕ್ಕಿತೆಂದರೂ ಅದು ಅಲ್ಲಿ ಸುಮ್ಮನೆ ಬಿಡಾರ ಹೂಡಿದೆಯೋ, ಒಳಗೆ ನುಗ್ಗಿ ದಾಳಿ ಮಾಡುತ್ತಿದೆಯೋ ಹೇಳಲಾಗದು. ಆದ್ದರಿಂದಲೇ ನೆತ್ತರನ್ನು ಕೇಳಿ ನೋಡೋಣ ಎಂಬ ಆಸೆ ಹುಟ್ಟಿದ್ದು.

ಈ ಕೇಳುವಿಕೆಗೆ ದೀರ್ಘವಾದ ಚರಿತ್ರೆಯಿದೆ. ಕ್ರಿಸ್ತಶಕದ ಮೊದಲ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ. ಕನ್ನಡದಲ್ಲಿ ಹೇಳುವುದಾದರೆ ಕೆಂಪು, ಬಾವು, ಕಾವು, ನೋವು. (ಲ್ಯಾಟಿನ್ನಿನ ನಾಲ್ಕೂ ಮಾತು ಪ್ರಾಸಬದ್ಧವಾಗಿವೆಯೆಂದು ಅವರು ಹೆಮ್ಮೆಪಟ್ಟರೆ, ನಮ್ಮ ಮೂರು ಮಾತಿನ ಪ್ರಾಸವೂ ಕಡಮೆಯದಲ್ಲ.) ಇವೆಲ್ಲ ಕಣ್ಣಿಗೆ, ಕೈಗೆ ಸಿಕ್ಕುವಂಥವು. ಕಣ್ಣಿಗೆ ಕಾಣದ ಲಕ್ಷಣವೊಂದು ರಕ್ತದಲ್ಲಿ ದೊರೆತದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ. ಆಸ್ವಾಲ್ಡ್ ಏವರಿ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ಆಗ ಪೆನಿಸಿಲಿನ್ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ನ್ಯುಮೋನಿಯದ ಕ್ರಿಮಿಯಿಂದ ಬೇರ್ಪಡಿಸಿದ ಒಂದು ಅಂಶಕ್ಕೆ ಅವರು 'ಸಿ' ಎಂದು ಗುರುತು ಹಾಕಿದ್ದರು. ರೋಗಿಯ ರಕ್ತದ್ರವಕ್ಕೆ ಅದನ್ನು ಬೆರೆಸಿದರೆ ಮಿಶ್ರಣ ಒಡೆದು ಗಷ್ಟು ಕಟ್ಟುತ್ತಿತ್ತು. ಅದೇ ರೋಗಿ ಚೇತರಿಸಿಕೊಂಡ ಮೇಲೆ ಬೆರೆಸಿದರೆ ಏನೂ ಆಗುತ್ತಿರಲಿಲ್ಲ. ಕಾಯಿಲೆಯೊಡನೆ ಬಂದು ಕಾಯಿಲೆಯೊಡನೆ ಹೋಗುವ ಈ ವಸ್ತುವೇ ಇಂದು ಊರೂರಿನ ರಕ್ತಪರೀಕ್ಷೆಯ ಅಂಗಡಿಗಳ ಚೀಟಿಯಲ್ಲಿ ಕಾಣುವ 'ಸಿ.ಆರ್.ಪಿ.', ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನು.

ಪ್ರಸಂಗವಶಾತ್ ಹೇಳಬಹುದಾದದ್ದು: ಅದೇ ಏವರಿ, ಅದೇ ನ್ಯುಮೋನಿಯದ ಕ್ರಿಮಿಯನ್ನು ಹಿಡಿದು, 1944ರಲ್ಲಿ ತನ್ನಿಬ್ಬರು ಸಹೋದ್ಯೋಗಿಗಳೊಡನೆ ಅನುವಂಶೀಯತೆಯ ಗುಟ್ಟು ಡಿ.ಎನ್.ಎ. ಯಲ್ಲಿದೆಯೆಂದು ತೋರಿಸಿಕೊಟ್ಟ. ಥಾಮಸ್ ಫ್ರಾನ್ಸಿಸ್ ಮುಂದೆ ಪೋಲಿಯೋ ಲಸಿಕೆಯ ಮಹಾಪ್ರಯೋಗವನ್ನು ನಡೆಸಿ 1955ರ ಏಪ್ರಿಲಿನಲ್ಲಿ ಅದರ ಫಲಿತಾಂಶವನ್ನು ಲೋಕಕ್ಕೆ ಸಾರಿದ. ಒಂದು ಕೊಠಡಿಯೊಳಗೆ ಎಷ್ಟೆಲ್ಲ ಹುಟ್ಟಿತು!

ಸಿ.ಆರ್.ಪಿ. ಯಕೃತ್ತಿನಲ್ಲಿ ತಯಾರಾಗುತ್ತದೆ. ಕೆಲವೇ ಗಂಟೆಗಳಲ್ಲಿ ಏರತೊಡಗಿ ಎರಡು ದಿನದ ಹೊತ್ತಿಗೆ ಶಿಖರ ಮುಟ್ಟುತ್ತದೆ. ಆದರೆ ಅದರ ಸ್ವಭಾವ ಹೆದರುಪುಕ್ಕಲ ಕಾವಲುಗಾರನದು: ಕಳ್ಳ ಬಂದರೂ ಕೂಗುತ್ತಾನೆ, ಬೆಕ್ಕು ಹಾರಿದರೂ ಕೂಗುತ್ತಾನೆ. ಸೋಂಕಿಗೂ ಏರುತ್ತದೆ, ಪೆಟ್ಟಿಗೂ ಏರುತ್ತದೆ, ವೈದ್ಯನ ಕತ್ತಿ ತಗಲಿದರೂ ಏರುತ್ತದೆ. ಇದಕ್ಕಿಂತ ಬುದ್ಧಿವಂತ ಕಾವಲುಗಾರ ಬೇಕೆಂದು ಹುಡುಕಿದವರಿಗೆ 1993ರಲ್ಲಿ ಪ್ಯಾರಿಸ್ಸಿನ ವೈದ್ಯರು ಒಂದು ಹೆಸರನ್ನು ಮುಂದಿಟ್ಟರು: ಪ್ರೊಕ್ಯಾಲ್ಸಿಟೋನಿನ್. ಇದು ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುವ ಒಂದು ಹಾರ್ಮೋನಿನ ಪೂರ್ವರೂಪ. ಆರೋಗ್ಯವಂತನ ರಕ್ತದಲ್ಲಿ ಇದ್ದೂ ಇಲ್ಲದಂತಿರುತ್ತದೆ: ಒಂದು ಮಿಲಿಲೀಟರಿಗೆ ಒಂದು ನ್ಯಾನೋಗ್ರಾಮಿನ ಹತ್ತನೆಯ ಒಂದಂಶಕ್ಕಿಂತಲೂ ಕಡಮೆ. ನ್ಯಾನೋಗ್ರಾಮೆಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಭಾಗ. ಬ್ಯಾಕ್ಟೀರಿಯದ ತೀವ್ರ ಸೋಂಕು ತಗಲಿತೆಂದರೆ ಥೈರಾಯ್ಡ್ ಒಂದೇ ಅಲ್ಲ, ದೇಹದ ಹಲವು ಅಂಗಾಂಶಗಳು ಅದನ್ನು ಸುರಿಸತೊಡಗುತ್ತವೆ; ಪ್ರಮಾಣ ನೂರು ಪಟ್ಟು, ಸಾವಿರ ಪಟ್ಟು ಏರಬಹುದು. ವೈರಸ್ಸಿನ ಸೋಂಕಿನಲ್ಲಿ ಇಷ್ಟು ಏರುವುದಿಲ್ಲ. ಸೋಂಕು ಹತೋಟಿಗೆ ಬಂತೆಂದರೆ ಹೆಚ್ಚು ಕಡಮೆ ದಿನಕ್ಕೆ ಅರ್ಧದಂತೆ ಇಳಿಯುತ್ತದೆ.

ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಗಾಯಾಳುವಿನಲ್ಲಿ ಮಾತ್ರ ಈ ಕಾವಲುಗಾರನೂ ಕಂಗೆಡುತ್ತಾನೆ. ಬರಿಯ ಪೆಟ್ಟೇ ಮೊದಲ ಒಂದೆರಡು ದಿನ ಪ್ರೊಕ್ಯಾಲ್ಸಿಟೋನಿನ್ನನ್ನು ಏರಿಸಿಬಿಡುತ್ತದೆ.

ಪೆಟ್ಟು ಸೋಂಕಿನ ವೇಷ ಹಾಕುವುದು ಏಕೆ? ಈ ಪ್ರಶ್ನೆಗೆ ದೊರೆತಿರುವ ಉತ್ತರ ನನಗೆ ಯಾವ ಪುರಾಣಕಥೆಗೂ ಕಡಮೆಯಲ್ಲವೆನಿಸಿತು. ನಮ್ಮ ಜೀವಕೋಶಗಳೊಳಗೆ ಮೈಟೋಕಾಂಡ್ರಿಯ ಎಂಬ ಸಣ್ಣ ಒಲೆಗಳಿವೆ; ಉಸಿರಿನ ಆಮ್ಲಜನಕವನ್ನು ಬಳಸಿ ನಮಗೆ ಶಕ್ತಿ ಕೊಡುವಂಥವು. ಇವು ಕೋಟ್ಯಂತರ ವರ್ಷಗಳ ಹಿಂದೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಗಳು, ಇನ್ನೊಂದು ಜೀವಕೋಶದೊಳಗೆ ಸೇರಿ ಅಲ್ಲಿಯೇ ಒಕ್ಕಲಾದವು ಎಂಬ ವಾದವನ್ನು 1967ರಲ್ಲಿ ಲಿನ್ ಮಾರ್ಗುಲಿಸ್ ಎಂಬ ವಿಜ್ಞಾನಿ ಸಮರ್ಥವಾಗಿ ಮಂಡಿಸಿದರು. ಇಂದು ಅದು ಸರ್ವಸಮ್ಮತ. ಬಂದ ನೆಂಟರು ಮನೆಯವರೇ ಆದರು. ಆದರೆ ಹುಟ್ಟುಗುರುತು ಹೋಗಲಿಲ್ಲ. ಅವುಗಳ ಡಿ.ಎನ್.ಎ. ಇಂದಿಗೂ ಬ್ಯಾಕ್ಟೀರಿಯದ ಡಿ.ಎನ್.ಎ.ಯನ್ನು ಹೋಲುತ್ತದೆ; ಅವುಗಳ ಪ್ರೋಟೀನಿನ ತುದಿಯಲ್ಲಿಯೂ ಬ್ಯಾಕ್ಟೀರಿಯದ್ದೇ ಮುದ್ರೆಯಿದೆ. ಜೀವಕೋಶದ ಗೋಡೆಯೊಳಗೆ ಇರುವತನಕ ಯಾರಿಗೂ ಇದು ತಿಳಿಯುವುದಿಲ್ಲ. ಲಾರಿಯ ಚಕ್ರದಡಿ ಮಾಂಸ ಜಜ್ಜಿ, ಮೂಳೆ ನುರಿದು, ಜೀವಕೋಶಗಳು ಒಡೆದಾಗ ಈ ಒಲೆಗಳ ಚೂರು ರಕ್ತಕ್ಕೆ ಬೀಳುತ್ತದೆ. ರಕ್ತದ ಬಿಳಿ ಕಣಗಳು ಅದನ್ನು ಕಂಡು ಶತ್ರು ಬಂದನೆಂದು ಮೇಲೆಬೀಳುತ್ತವೆ. 2010ರಲ್ಲಿ ಬಾಸ್ಟನ್ನಿನ ಕಾರ್ಲ್ ಹೌಸರ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಕ್ರಿಮಿ ಒಂದೂ ಇಲ್ಲದೆ ನಂಜೇರಿದ ಎಲ್ಲ ಚಿಹ್ನೆಗಳೂ ಗಾಯಾಳುವಿನಲ್ಲಿ ಕಾಣುವುದಕ್ಕೆ ಇದು ಒಂದು ಮುಖ್ಯ ಕಾರಣ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮುರಿದ ಮೂಳೆಯಿಂದ ಹೊರಬಿದ್ದ ಇದೇ ಚೂರು ಶ್ವಾಸಕೋಶದ ರಕ್ಷಣೆಯನ್ನು ಕುಗ್ಗಿಸುತ್ತದೆಂದು ಅವರ ತಂಡದ ಮುಂದಿನ ಪ್ರಯೋಗಗಳು ಸೂಚಿಸಿವೆ. ಸುಳ್ಳು ಶತ್ರುವಿನ ಮೇಲೆ ಕತ್ತಿ ಬೀಸಿ ದಣಿದ ಸೈನಿಕ ನಿಜವಾದ ಶತ್ರು ಕೋಟೆಯ ಇನ್ನೊಂದು ಬಾಗಿಲಿಗೆ ಬಂದಾಗ ಏಳಲಾರ. ತೊಡೆಯ ಮೂಳೆ ಮುರಿದರೆ ಶ್ವಾಸಕೋಶಕ್ಕೆ ಕೇಡೇಕೆ ಎಂಬುದಕ್ಕೆ ಇಷ್ಟು ನೇರವಾದ ಸಂಬಂಧವಿರಬಹುದೆಂದು ಯಾರು ಎಣಿಸಿದ್ದರು?

ನಮ್ಮ ತಾರ್ಕಿಕರು ಇದ್ದಿದ್ದರೆ ಈ ಸಮಸ್ಯೆಯನ್ನು ಬಹಳ ಬೇಗ ಹಿಡಿಯುತ್ತಿದ್ದರು. ಬೆಟ್ಟದಲ್ಲಿ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ: ನ್ಯಾಯಶಾಸ್ತ್ರದ ಮೊದಲ ಪಾಠ ಇದು. ಹೊಗೆ ಹೇತು, ಬೆಂಕಿ ಸಾಧ್ಯ. ಆದರೆ ಹೇತುವಾಗಬೇಕಾದರೆ ಅದು ಸಾಧ್ಯವಿಲ್ಲದ ಕಡೆ ಇರಕೂಡದು. ಬೆಂಕಿಯಿಲ್ಲದ ಕಡೆಯೂ ಇದ್ದರೆ ಅದು ಸವ್ಯಭಿಚಾರ, ಎಂದರೆ ದಾರಿ ತಪ್ಪಿದ ಹೇತು. ಗಾಯಾಳುವಿನ ರಕ್ತದಲ್ಲಿರುವ ಸಿ.ಆರ್.ಪಿ. ಇಂಥದು. ಇನ್ನೊಂದು ಕಡೆಯಿಂದಲೂ ಕಷ್ಟವುಂಟು. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಈ ಷರತ್ತಿಗೆ ಉಪಾಧಿ ಎಂದು ಹೆಸರು. ಅಂತೆಯೇ ಸೋಂಕು ಇದ್ದೂ ಕುರುಹು ಮೂಕವಾಗಿರುವುದುಂಟು. ಇಂದಿನ ಸಂಖ್ಯಾಶಾಸ್ತ್ರದವರು ಈ ಎರಡು ದೋಷಗಳನ್ನೂ ಶೇಕಡದಲ್ಲಿ ಅಳೆಯುತ್ತಾರೆ. ಒಂದು ಕಲ್ಪಿತ ಲೆಕ್ಕ ನೋಡಿ. ನೂರು ಗಾಯಾಳುಗಳಲ್ಲಿ 20 ಜನಕ್ಕೆ ನಿಜವಾಗಿ ನ್ಯುಮೋನಿಯ ಇದೆ ಎನ್ನೋಣ. ಪರೀಕ್ಷೆ ರೋಗವಿದ್ದವರಲ್ಲಿ ನೂರಕ್ಕೆ 80ರಷ್ಟು, ಇಲ್ಲದವರಲ್ಲಿಯೂ ನೂರಕ್ಕೆ 80ರಷ್ಟು ಸರಿಯಾಗಿ ಹೇಳುತ್ತದೆ ಎನ್ನೋಣ. ಕೇಳಿದರೆ ಒಳ್ಳೆಯ ಪರೀಕ್ಷೆಯೇ. ಆದರೆ ಅದು ರೋಗವಿದೆಯೆಂದು ಬೆರಳು ತೋರಿಸುವುದು 32 ಜನರ ಕಡೆಗೆ. ಅವರಲ್ಲಿ ರೋಗಿಗಳು 16, ನಿರೋಗಿಗಳು 16. ನಾಣ್ಯವನ್ನು ಚಿಮ್ಮಿದಂತಾಯಿತು. ಉಳಿದ ನಾಲ್ವರು ರೋಗಿಗಳನ್ನು ಅದು ಬಿಟ್ಟೇಬಿಟ್ಟಿತು.

ಈಗ ನನಗೆ ಈ ವಿಷಯದ ಗೊಡವೆ ಬಂದ ಬಗೆ. ಎರಡು ವರ್ಷಗಳ ಹಿಂದೆ ನನ್ನ ಅಕ್ಕನ ಮಗ, ಇಪ್ಪತ್ತಮೂರರ ಹುಡುಗ, ಮೋಟಾರು ಸೈಕಲಿನಿಂದ ಬಿದ್ದು ತೊಡೆಮೂಳೆ, ಎಡಗಡೆಯ ಮೂರು ಪಕ್ಕೆಲುಬು ಮುರಿದುಕೊಂಡು, ತಲೆಗೂ ಪೆಟ್ಟು ಮಾಡಿಕೊಂಡು, ಒಂದು ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಹದಿನಾರು ದಿನ ಮಲಗಿದ್ದ. ಒಳಗೆ ಬಿಡುತ್ತಿದ್ದದ್ದು ದಿನಕ್ಕೆ ಎರಡು ಸಲ, ಹತ್ತು ನಿಮಿಷ. ಉಳಿದ ಹೊತ್ತು ಹೊರಗಿನ ಬೆಂಚು. ಅಲ್ಲಿ ಒಬ್ಬ ತರುಣ ವೈದ್ಯೆ ಸಂಜೆ ಬಂದು ನಿಂತುಕೊಂಡೇ ದಿನದ ವರದಿ ಹೇಳುತ್ತಿದ್ದರು. ಎರಡನೆಯ ದಿನ ಪ್ರೊಕ್ಯಾಲ್ಸಿಟೋನಿನ್ 4.6 ಎಂದರು, ಮೂರನೆಯ ದಿನ 2.5, ನಾಲ್ಕನೆಯ ದಿನ 1.3. ಅಕ್ಕ ಆ ಅಂಕಿಗಳನ್ನು ಔಷಧದ ಚೀಟಿಯ ಹಿಂದೆ ಬರೆದುಕೊಳ್ಳುತ್ತಿದ್ದಳು. ಅವು ಏನೆಂದು ಅವಳಿಗೆ ಗೊತ್ತಿರಲಿಲ್ಲ; ಇಳಿಯುವುದು ಒಳ್ಳೆಯದೆಂಬುದಷ್ಟು ಗೊತ್ತಾಗಿತ್ತು.

ಐದನೆಯ ದಿನ ಜ್ವರ ಬಂತು. ಎಡಗಡೆಯ ಶ್ವಾಸಕೋಶದಲ್ಲಿ ನೆರಳು ಹಿಂದೆಯೇ ಇತ್ತು. ಅಂದು ದೊಡ್ಡದಾದಂತೆ ಕಂಡಿತಂತೆ. ಕುರುಹು 0.9ಕ್ಕೆ ಇಳಿದಿತ್ತು. ವೈದ್ಯರು ಕುರುಹನ್ನು ನೆಚ್ಚಿ ಕೈಕಟ್ಟಿ ಕೂರಲಿಲ್ಲ. ಕೊಳವೆಯ ಮೂಲಕ ಶ್ವಾಸಕೋಶದ ಆಳದಿಂದ ದ್ರವ ತೆಗೆದು ಪರೀಕ್ಷೆಗೆ ಕಳುಹಿಸಿ, ಆ ಕೂಡಲೆ ಆ್ಯಂಟಿಬಯಾಟಿಕ್ ಆರಂಭಿಸಿದರು. ಯಂತ್ರದ ಮೇಲಿರುವ ರೋಗಿಗೆ ನ್ಯುಮೋನಿಯದ ಶಂಕೆ ಬಂದಾಗ ಔಷಧ ಆರಂಭಿಸುವ ನಿರ್ಧಾರವನ್ನು ಪ್ರೊಕ್ಯಾಲ್ಸಿಟೋನಿನ್ನಿನ ಮೇಲೆ ಹೊರಿಸಬಾರದು, ರೋಗಿಯ ಸ್ಥಿತಿಯನ್ನು ನೋಡಿಯೇ ತೀರ್ಮಾನಿಸಬೇಕು ಎಂದು ಅಮೆರಿಕದ ತಜ್ಞರ ಸಂಘಗಳು 2016ರಲ್ಲಿ ಕೊಟ್ಟ ಸಲಹೆ ಇದಕ್ಕೆ ಅನುಗುಣವಾಗಿದೆಯೆಂಬುದು ನನಗೆ ಆಮೇಲೆ ಓದಿ ತಿಳಿಯಿತು. ಏಳನೆಯ ದಿನ ಕುರುಹು 0.4. ಎಂಟನೆಯ ದಿನ ದ್ರವದಲ್ಲಿ ಕ್ರಿಮಿ ಬೆಳೆಯಲಿಲ್ಲವೆಂದು ವರದಿ ಬಂತು. ಜ್ವರ ಮಾತ್ರ ಸಣ್ಣಗೆ ಇದ್ದೇ ಇತ್ತು. ಆ ಸಂಜೆ ವೈದ್ಯೆ ಬಂದು, ಆ್ಯಂಟಿಬಯಾಟಿಕ್ ನಿಲ್ಲಿಸಿದ್ದೇವೆ ಎಂದರು.

ಅಕ್ಕ ಎದ್ದು ನಿಂತಳು. "ಜ್ವರ ಇರುವಾಗ ಔಷಧಿ ನಿಲ್ಲಿಸೋದು ಅಂದರೇನು ಡಾಕ್ಟರಮ್ಮಾ? ದುಡ್ಡು ಕಟ್ಟೋದು ತಡವಾಯಿತು ಅಂತಲಾ?"

"ಅಲ್ಲ ಅಮ್ಮಾ," ಎಂದರು ಆಕೆ. "ಬೇಡದ ಔಷಧಿ ಕೊಡುತ್ತಾ ಹೋದರೆ, ನಾಳೆ ಬೇಕಾದಾಗ ಕೊಡೋದಕ್ಕೆ ಔಷಧಿಯೇ ಇರೋದಿಲ್ಲ."

ಅಕ್ಕನಿಗೆ ಈ ಉತ್ತರ ರುಚಿಸಲಿಲ್ಲ. ನನ್ನ ಕಡೆ ತಿರುಗಿ, "ನೀನಾದರೂ ಕೇಳೋ, ಓದಿದವನಲ್ಲವಾ" ಎಂದಳು. ಏನು ಕೇಳಲಿ? ಪಕ್ಕದ ಹಾಸಿಗೆಯಲ್ಲಿ ತೆಂಗಿನ ಮರದಿಂದ ಬಿದ್ದ ಐವತ್ತರ ರೈತರೊಬ್ಬರಿದ್ದರು. ಅವರ ಮಗ ನಮ್ಮ ಬೆಂಚಿನ ಜೊತೆಗಾರ. ಅವರಿಗೂ ಜ್ವರ ಬಂದಾಗ ಕುರುಹು 0.4 ಮಾತ್ರ ಇತ್ತು. ಕಾಯ್ದ ಕಬ್ಬಿಣದ ಗುಂಡು. ಅವರಿಗೂ ವೈದ್ಯರು ಮೊದಲ ದಿನವೇ ಔಷಧ ಕೊಟ್ಟಿದ್ದರು. ಆದರೆ ಶ್ವಾಸಕೋಶದ ದ್ರವದಲ್ಲಿ ಬೆಳೆದ ಕ್ರಿಮಿ ಪರೀಕ್ಷಿಸಿದ ಔಷಧಗಳಲ್ಲಿ ಒಂದೋ ಎರಡೋ ಬಿಟ್ಟು ಉಳಿದ ಯಾವುದಕ್ಕೂ ಬಗ್ಗುವಂಥದಾಗಿರಲಿಲ್ಲ. ಅಂಥ ಕ್ರಿಮಿಗಳು ಹುಟ್ಟುವುದು ಔಷಧಗಳನ್ನು ಬೇಕಾದಲ್ಲಿಯೂ ಬೇಡದಲ್ಲಿಯೂ ಸುರಿಯುವುದರಿಂದ. 2019ರ ಒಂದೇ ವರ್ಷದಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ ಲೋಕದಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು ಮಾಡಿದ್ದಾರೆ. ಆ ರೈತರು ಹನ್ನೊಂದನೆಯ ದಿನ ಬೆಳಗಿನ ಜಾವ ತೀರಿಕೊಂಡರು. ನಮ್ಮ ಹುಡುಗನ ಜ್ವರ ಹತ್ತನೆಯ ದಿನಕ್ಕೆ ಔಷಧವಿಲ್ಲದೆಯೇ ಇಳಿದಿತ್ತು. ರೈತರ ಮಗ ಕಾಗದಪತ್ರಗಳಿಗೆ ಕಾಯುತ್ತ ಕುಳಿತಿದ್ದಾಗ ಅಕ್ಕ ಅವನ ಪಕ್ಕ ಹೋಗಿ ಕುಳಿತಳು. ಆಮೇಲೆ ಅವಳು ಔಷಧದ ಮಾತು ಎತ್ತಲಿಲ್ಲ.

ನಿಲ್ಲಿಸುವುದರಲ್ಲಿಯೇ ಕುರುಹಿನ ಹೆಚ್ಚಿನ ಉಪಯೋಗವಿದೆಯೆಂಬುದಕ್ಕೆ ಆಧಾರವುಂಟು. ನೆದರ್ಲೆಂಡ್ಸಿನ ಹಲವು ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಸುಮಾರು 1,500 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಪ್ರೊಕ್ಯಾಲ್ಸಿಟೋನಿನ್ ತನ್ನ ಶಿಖರದಿಂದ ನೂರಕ್ಕೆ 80ರಷ್ಟು ಇಳಿದರೆ, ಅಥವಾ 0.5ಕ್ಕೆ ಬಂದರೆ, ಔಷಧ ನಿಲ್ಲಿಸಬಹುದೆಂದು ವೈದ್ಯರಿಗೆ ಸಲಹೆ ಮಾಡಿದ್ದರು, ಕಡ್ಡಾಯ ಮಾಡಿರಲಿಲ್ಲ. ಸಲಹೆ ಪಡೆದ ಗುಂಪಿನಲ್ಲಿ ಔಷಧ ಕೊಟ್ಟ ಅವಧಿಯ ನಡುಮಟ್ಟ 5 ದಿನ, ಇನ್ನೊಂದರಲ್ಲಿ 7. ಔಷಧ ಬೇಗ ನಿಲ್ಲಿಸಿದ ಗುಂಪಿನಲ್ಲಿ ಸಾವು ಹೆಚ್ಚಲಿಲ್ಲ, ಕಡಮೆಯೇ ಇತ್ತು. ಆ ರೋಗಿಗಳೆಲ್ಲ ಗಾಯಾಳುಗಳಲ್ಲವೆಂಬುದನ್ನು ಮರೆಯಬಾರದು. ಆದರೂ ಎರಡು ದಿನದ ಉಳಿತಾಯ ಸಣ್ಣದಲ್ಲ.

ಮುನ್ಸೂಚನೆಯ ಕಥೆ ಬೇರೆ. ಗಾಯಾಳು ಬಂದ ದಿನವೇ, ಇವನಿಗೆ ಮುಂದಿನ ವಾರ ನ್ಯುಮೋನಿಯ ಬರುತ್ತದೆ ಎಂದು ಹೇಳಬಲ್ಲ ಜೋಯಿಸ ನೆತ್ತರಿನಲ್ಲಿ ಇನ್ನೂ ಸಿಕ್ಕಿಲ್ಲ. ಇಂಟರ್‌ಲ್ಯೂಕಿನ್-6 ಎಂಬ ವಸ್ತು ಪೆಟ್ಟು ಬಿದ್ದ ಕೆಲವು ಗಂಟೆಗಳಲ್ಲಿಯೇ ಏರುತ್ತದೆ; ಅದು ಬಹಳ ಏರಿದವರಲ್ಲಿ ಮುಂದೆ ತೊಡಕುಗಳು ಹೆಚ್ಚು. ಆದರೆ ಅದು ಹೇಳುವುದು ಪೆಟ್ಟು ಎಷ್ಟು ದೊಡ್ಡದೆಂಬುದನ್ನು. ಹೆಚ್ಚು ಪೆಟ್ಟಾದವರಿಗೆ ಹೆಚ್ಚು ತೊಡಕೆಂಬುದನ್ನು ತಿಳಿಯಲು ರಕ್ತ ತೆಗೆಯಬೇಕಾಗಿಲ್ಲ. 2004ರಲ್ಲಿ ಫ್ರಾನ್ಸಿನಿಂದ ಇನ್ನೊಂದು ಕುರುಹಿನ ವಾರ್ತೆ ಬಂದು ಬಹಳ ಆಸೆ ಹುಟ್ಟಿಸಿತು. ಅದನ್ನು ಹುಡುಕಬೇಕಾದದ್ದು ರಕ್ತದಲ್ಲಲ್ಲ, ಶ್ವಾಸಕೋಶದಿಂದ ತೊಳೆದು ತೆಗೆದ ದ್ರವದಲ್ಲಿ. ಬೇರೆ ಕಡೆಗಳಲ್ಲಿ ಪರೀಕ್ಷಿಸಿದಾಗ ಮೊದಲಿನ ಹೊಳಪು ಉಳಿಯಲಿಲ್ಲ. ಹೊಸ ಕುರುಹುಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ. ಚೊಚ್ಚಲ ಕವನಸಂಕಲನದ ವಿಮರ್ಶೆಯಂತೆ.

ನನಗೆ ಹೆಚ್ಚು ಅರ್ಥವತ್ತಾಗಿ ಕಂಡದ್ದು ಇನ್ನೊಂದು ದಾರಿ. ಶತ್ರುವಿನ ಸುಳಿವನ್ನು ಹುಡುಕುವ ಬದಲು ಸೈನಿಕ ಎಚ್ಚರವಾಗಿದ್ದಾನೆಯೆ ಎಂದು ನೋಡುವುದು. ಮಾನೋಸೈಟ್ ಎಂಬ ಬಿಳಿ ಕಣ ತಾನು ಹಿಡಿದ ಕ್ರಿಮಿಯ ಚೂರನ್ನು ಮೈಮೇಲೆ ಎತ್ತಿ ಇತರ ಕಣಗಳಿಗೆ ತೋರಿಸುತ್ತದೆ. ಹಾಗೆ ಎತ್ತಿ ಹಿಡಿಯುವ ಕೈಗೆ ಎಚ್.ಎಲ್.ಎ.-ಡಿ.ಆರ್. ಎಂದು ಹೆಸರು. ತೀವ್ರ ಗಾಯದ ನಂತರ ಈ ಕೈಗಳು ಕಡಮೆಯಾಗುತ್ತವೆ. ಕೆಲವು ದಿನಗಳಲ್ಲಿ ಮತ್ತೆ ಮೂಡಿದವರು ಚೇತರಿಸಿಕೊಳ್ಳುತ್ತಾರೆ, ಮೂಡದವರು ಸೋಂಕಿಗೆ ತುತ್ತಾಗುವುದು ಹೆಚ್ಚು ಎಂಬುದು 1990ರ ಸುಮಾರಿಗೇ ಕಂಡುಬಂದಿತ್ತು. ಆದರೆ ಇದನ್ನು ಎಣಿಸುವ ಯಂತ್ರ ದುಬಾರಿ, ಕೆಲಸ ನಾಜೂಕು. ತಾಲ್ಲೂಕು ಆಸ್ಪತ್ರೆಯ ಮಾತಲ್ಲ. ಗಾಯ ದೇಹವನ್ನು ಎಷ್ಟು ಕಲಕುತ್ತದೆಂಬುದಕ್ಕೆ 2011ರ ಒಂದು ಅಮೆರಿಕನ್ ಅಧ್ಯಯನ ಸಾಕ್ಷಿ: ತೀವ್ರ ಗಾಯಾಳುಗಳ ಬಿಳಿ ಕಣಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜೀನುಗಳ ವರ್ತನೆಯೇ ಬದಲಾಗಿತ್ತು. ಮೊದಲು ಉರಿ, ಆಮೇಲೆ ಬಳಲಿಕೆ ಎಂದು ಹಿಂದೆ ತಿಳಿದಿದ್ದರು; ಎರಡೂ ಒಟ್ಟಿಗೇ ಶುರುವಾಗುತ್ತವೆಂದು ಆ ಅಧ್ಯಯನ ಹೇಳಿತು. ಇಂಥ ಬಿರುಗಾಳಿಯಲ್ಲಿ ಒಂದು ತರಗೆಲೆಯನ್ನು ನೋಡಿ ಗಾಳಿಯ ದಿಕ್ಕು ಹೇಳೆಂದರೆ ಹೇಗೆ? ಆದ್ದರಿಂದ ಈಗಿನ ಪ್ರಯತ್ನ ಹಲವು ಕುರುಹುಗಳನ್ನು ಕೂಡಿಸಿ, ಒಂದು ದಿನದ ಅಂಕಿಯನ್ನಲ್ಲ, ದಿನದಿನದ ಏರಿಳಿತವನ್ನು ಓದುವುದು. ಇಳಿಯುತ್ತಿದ್ದದ್ದು ಮತ್ತೆ ಏರಿದರೆ, ಆಗ ಕಿವಿ ನಿಮಿರಬೇಕು. ಅಕ್ಕ ಚೀಟಿಯ ಹಿಂದೆ ಅಂಕಿಗಳನ್ನು ಸಾಲಾಗಿ ಬರೆದುಕೊಂಡದ್ದರಲ್ಲಿ ಶಾಸ್ತ್ರವಿತ್ತು.

ಹುಡುಗ ಈಗ ಸ್ವಲ್ಪ ಕುಂಟುತ್ತ ಕೆಲಸಕ್ಕೆ ಹೋಗುತ್ತಿದ್ದಾನೆ. ಕಳೆದ ವರ್ಷ ಅದೇ ವೈದ್ಯೆ ನನಗೆ ದೂರವಾಣಿ ಮಾಡಿದರು. "ಸಾರ್, ಬೆಂಚಿನ ಮೇಲೆ ಕೂತಿರೋರಿಗೆ ಕೊಡೋದಕ್ಕೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ. ಔಷಧಿ ಯಾಕೆ ಶುರು ಮಾಡುತ್ತೇವೆ, ಯಾಕೆ ನಿಲ್ಲಿಸುತ್ತೇವೆ ಅಂತ. ನಿಂತುಕೊಂಡು ಹೇಳಿ ಹೇಳಿ ನನಗೂ ಸಾಕಾಗಿದೆ." ಬರೆದೆ. 'ಸೋಂಕು', 'ಕುರುಹು', 'ನಂಜು', 'ಶ್ವಾಸನಾಳದ ಕೊಳವೆ', ಇವೆಲ್ಲ ಸುಲಭವಾಗಿ ಬಂದವು. ಕುರುಹು ಸುಳ್ಳು ಹೇಳಬಹುದು ಎಂಬ ವಾಕ್ಯವನ್ನು ಆಕೆ ಹೊಡೆದುಹಾಕಿ, 'ಕುರುಹು ತಪ್ಪು ತಿಳಿಯಬಹುದು' ಎಂದು ತಿದ್ದಿ ಕಳುಹಿಸಿದರು. ತಿದ್ದುಪಡಿ ಮೂಲಕ್ಕಿಂತ ಚೆನ್ನಾಗಿತ್ತು. ಆ್ಯಂಟಿಬಯಾಟಿಕ್ಕಿಗೆ 'ಪ್ರತಿಜೈವಿಕ' ಎಂದು ಬರೆದಿದ್ದೆ. ಅದು ಯಾರಿಗೂ ಅರ್ಥವಾಗುತ್ತಿಲ್ಲವಂತೆ. ಎರಡನೆಯ ಮುದ್ರಣಕ್ಕೆ ಬೇರೆ ಮಾತು ಕೊಡಿ ಎಂದಿದ್ದಾರೆ. ಇನ್ನೂ ಹುಡುಕುತ್ತಿದ್ದೇನೆ.